ನಾದಸಾಧಕ ಕುಮಾರ ಗಂಧರ್ವ

ಬೆಳಗಾವಿ ಜಿಲ್ಲೆ ಗಾಯಕರ ಹಾಗೂ ರಂಗಕಲಾವಿದರ ತವರು. ಯಮಕನಮರಡಿ, ಹುಕ್ಕೇರಿ, ಗೋಕಾಕಗಳ ಸೀಮೆಯಲ್ಲಿ ಭಜನೆಯ ಪದಗಳೂ ಬಯಲಾಟದ ಹಾಡುಗಳೂ ಹಳ್ಳಿಗರ ಬಾಳಿನೊಡನೆ ಬೆರೆತು ಬಂದಿವೆ. ಶ್ರೀಕೃಷ್ಣ ಪಾರಿಜಾತದ ಆಟಕ್ಕೆ ಹೊಸ ರೂಪ ಕೊಟ್ಟ ತಮ್ಮಣ್ಣನ ಕುಲಗೋಡ ಇರುವುದು ಈ ಭಾಗದಲ್ಲಿಯೇ. ಇದೇ ಜಿಲ್ಲೆಯ ಸುಳೇಭಾವಿ ಎಂಬ ಹಳ್ಳಿಯಲ್ಲಿ 1924ನೆಯ ಇಸವಿ ಏಪ್ರಿಲ್ 8ರಂದು ಜನಿಸಿದ ಬಾಲಕನೊಬ್ಬನು ಮುಂದೆ ಭಾರತದ ಸಂಗೀತಲೋಕದಲ್ಲಿ ಹೊಸ ಹಾದಿಯನ್ನು ತೆರೆದನು. ಅವನ ಹೆಸರು ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ. ಲೋಕ ಅವನನ್ನು ಅರಿತದ್ದು ಕುಮಾರ ಗಂಧರ್ವ ಎಂಬ ಹೆಸರಿನಿಂದ.

ತಂದೆ ಸಿದ್ಧರಾಮಯ್ಯನವರು ಸಂಗೀತಪ್ರಿಯರು, ತಾವೂ ಹಾಡುತ್ತಿದ್ದರು. ಮನೆಯಲ್ಲಿ ಹಾಡು ಕೇಳುತ್ತ ಬೆಳೆದ ಶಿವಪುತ್ರ, ಏಳೆಂಟು ವರ್ಷದವನಾಗಿದ್ದಾಗ ಯಾರೂ ಕಲಿಸದೆಯೇ ಹಾಡತೊಡಗಿದನು. ಗ್ರಾಮಾಫೋನ್ ತಟ್ಟೆಗಳಲ್ಲಿ ಕೇಳಿದ ಅಬ್ದುಲ್ ಕರೀಂಖಾನ್, ರಾಮಕೃಷ್ಣಬುವಾ ವಝೆ ಮೊದಲಾದ ಘನ ಗಾಯಕರ ಹಾಡುಗಳನ್ನು ಅವರ ದನಿಯ ಏರಿಳಿತ ಸಹಿತ ಯಥಾವತ್ತಾಗಿ ಒಪ್ಪಿಸುತ್ತಿದ್ದನು. ಕೇಳಿದವರು ಬೆರಗಾದರು. ಮಠಾಧೀಶರೊಬ್ಬರು ಬಾಲಕನ ಗಾನಕ್ಕೆ ಮೆಚ್ಚಿ ಕುಮಾರ ಗಂಧರ್ವ ಎಂಬ ಬಿರುದನ್ನಿತ್ತರು. ಆ ಬಿರುದೇ ಹೆಸರಾಗಿ ನಿಂತಿತು. ಊರೂರುಗಳಿಂದ ಕರೆ ಬಂದವು. ಸಭೆ ಸಭೆಗಳಲ್ಲಿ ಚಪ್ಪಾಳೆಗಳು ಮೊಳಗಿದವು.

ಹನ್ನೆರಡು ತುಂಬುವ ಮೊದಲೇ ಇಷ್ಟು ಕೀರ್ತಿ ಬಂದರೆ ಕಲಿಯುವುದು ಇನ್ನೇನೂ ಉಳಿದಿಲ್ಲವೆಂಬ ಭ್ರಮೆ ಹುಟ್ಟುವುದು ಸಹಜ. ಬಾಲ್ಯದಲ್ಲಿ ಹೊಗಳಿಕೆಯ ಮಳೆಯಲ್ಲಿ ತೊಯ್ದು, ಯೌವನದಲ್ಲಿ ಮರೆಯಾದ ಪ್ರತಿಭೆಗಳು ಎಷ್ಟೋ. ಶಿವಪುತ್ರನ ಬಾಳು ಹಾಗಾಗಲಿಲ್ಲ. 1936ರಲ್ಲಿ ಅವನನ್ನು ಮುಂಬಯಿಯಲ್ಲಿ ಪ್ರೊಫೆಸರ್ ಬಿ. ಆರ್. ದೇವಧರರ ಸಂಗೀತಶಾಲೆಗೆ ಸೇರಿಸಲಾಯಿತು. ದೇವಧರರು ವಿಷ್ಣು ದಿಗಂಬರ ಪಲುಸ್ಕರರ ಶಿಷ್ಯರು. ಪಾಶ್ಚಾತ್ಯ ಸಂಗೀತವನ್ನೂ ಬಲ್ಲವರು. ಒಂದೇ ಘರಾಣೆಗೆ ಕಟ್ಟುಬೀಳದೆ, ಎಲ್ಲ ಪರಂಪರೆಗಳ ವಿದ್ವಾಂಸರನ್ನೂ ಶಾಲೆಗೆ ಬರಮಾಡಿಕೊಳ್ಳುತ್ತಿದ್ದ ಉದಾರಿಗಳು.

ಅಲ್ಲಿ ಬಾಲಕನಿಗೆ ತನ್ನ ವಿದ್ಯೆಯ ನಿಜವಾದ ಅಳತೆ ತಿಳಿಯಿತು. ಕೇಳಿದ ಹಾಡನ್ನು ಮರಳಿ ಒಪ್ಪಿಸುವುದು ಬೇರೆ, ರಾಗವನ್ನು ಅರಿತು ಹಾಡುವುದು ಬೇರೆ. ಇಂಥ ಸ್ವರ ಇಲ್ಲಿಯೇ ಏಕೆ ನಿಲ್ಲಬೇಕು, ಈ ಎರಡು ರಾಗಗಳಿಗೆ ಇರುವ ವ್ಯತ್ಯಾಸವೇನು ಎಂಬ ಪ್ರಶ್ನೆಗಳಿಗೆ ಅನುಕರಣೆಯಲ್ಲಿ ಉತ್ತರವಿರಲಿಲ್ಲ. ಸಭೆಯನ್ನು ಗೆದ್ದಿದ್ದ ಕೌಶಲವನ್ನು ಬದಿಗಿಟ್ಟು ಅವನು ಮೊದಲಿನಿಂದ ಕಲಿಯತೊಡಗಿದನು. ಹತ್ತು ವರ್ಷಗಳಿಗೂ ಮೀರಿದ ಆ ಅಧ್ಯಯನ ಅನುಕರಿಸುವ ಬಾಲಕನನ್ನು ಆಲೋಚಿಸುವ ಗಾಯಕನನ್ನಾಗಿ ಮಾಡಿತು. ಕ್ರಮೇಣ ಕುಮಾರರು ಅದೇ ಶಾಲೆಯಲ್ಲಿ ಪಾಠವನ್ನೂ ಹೇಳತೊಡಗಿದರು.

1947ರಲ್ಲಿ ಗಾಯಕಿ ಭಾನುಮತಿಯವರೊಡನೆ ಅವರ ವಿವಾಹವಾಯಿತು. ಸಂತೋಷದ ದಿನಗಳು ಬಹುಕಾಲ ನಿಲ್ಲಲಿಲ್ಲ. ಕ್ಷಯರೋಗ ಅವರ ಶ್ವಾಸಕೋಶವನ್ನು ಹಿಡಿಯಿತು. ಒಣ ಹವೆಯ ಊರು ಒಳ್ಳೆಯದೆಂದು 1948ರಲ್ಲಿ ಮಧ್ಯಭಾರತದ ಮಾಳವ ಪ್ರದೇಶದ ದೇವಾಸಕ್ಕೆ ಹೋದರು. ಹಾಡಬಾರದೆಂದು ವೈದ್ಯರು ಕಟ್ಟಪ್ಪಣೆ ಮಾಡಿದರು. ಇಪ್ಪತ್ತನಾಲ್ಕು ವರ್ಷದ ಗಾಯಕನಿಗೆ ಇದಕ್ಕಿಂತ ಕಠಿಣವಾದ ಶಿಕ್ಷೆ ಯಾವುದಿದ್ದೀತು! ಮತ್ತೆ ಹಾಡುವುದಿರಲಿ, ಬದುಕುವರೇ ಎಂಬುದೇ ಸಂದೇಹವಾಗಿತ್ತು. ಭಾನುಮತಿಯವರು ಹಗಲಿರುಳು ಶುಶ್ರೂಷೆ ಮಾಡಿದರು.

ಕಂಠ ಮೌನವಾಯಿತು, ಕಿವಿ ಮಾತ್ರ ಎಚ್ಚರವಾಗಿತ್ತು. ಹಾಸಿಗೆಯಲ್ಲಿ ಮಲಗಿದ್ದ ಕುಮಾರರಿಗೆ ಮಾಳವದ ಹೆಣ್ಣುಮಕ್ಕಳ ಹಾಡುಗಳು, ಮನೆಯ ಮುಂದೆ ಹಾದುಹೋಗುವ ಸಾಧುಗಳ ನಿರ್ಗುಣ ಭಜನೆಗಳು ಕೇಳಿಬರುತ್ತಿದ್ದವು. ಶಾಸ್ತ್ರವನ್ನೇ ಅರಿಯದ ಆ ಜನರ ಸರಳ ಧಾಟಿಗಳಲ್ಲಿ ರಾಗಗಳ ಬೀಜವಿರುವುದನ್ನು ಅವರು ಕಂಡುಕೊಂಡರು. ಆ ಧಾಟಿಗಳನ್ನು ಸ್ವರಲಿಪಿಯಲ್ಲಿ ಬರೆದಿಟ್ಟರು; ತಾವು ಕಲಿತ ರಾಗಗಳನ್ನು ಮನಸ್ಸಿನಲ್ಲಿಯೇ ಬಿಡಿಸಿ ನೋಡಿದರು. ಹೀಗೆ ಮೌನದ ವರ್ಷಗಳೇ ಅವರ ಎರಡನೆಯ ಗುರುಕುಲವಾದವು.

1943ರಲ್ಲಿ ಅಮೆರಿಕದಲ್ಲಿ ಶೋಧಿಸಲ್ಪಟ್ಟ ಸ್ಟ್ರೆಪ್ಟೊಮೈಸಿನ್ ಎಂಬ ಔಷಧ ಆ ವೇಳೆಗೆ ನಮ್ಮ ದೇಶಕ್ಕೂ ಬಂದಿತ್ತು. ಅದರ ಬಲದಿಂದ ಕುಮಾರರು ಚೇತರಿಸಿಕೊಂಡರು. ಆದರೆ ಒಂದು ಶ್ವಾಸಕೋಶ ಬಹುಮಟ್ಟಿಗೆ ನಿರುಪಯುಕ್ತವಾಗಿತ್ತು. ಉಸಿರನ್ನು ನೀಳವಾಗಿ ಹಿಡಿದು ಸುದೀರ್ಘವಾದ ತಾನುಗಳನ್ನು ಹಾಡುವ ಹಳೆಯ ಕ್ರಮ ಇನ್ನು ಸಾಧ್ಯವಿರಲಿಲ್ಲ. ಇಲ್ಲಿ ಅವರ ವಿವೇಕ ಬೆಳಗಿತು. ಹೋದ ಶಕ್ತಿಗಾಗಿ ಕೊರಗಲಿಲ್ಲ. ಇಲ್ಲದ ಬಲವನ್ನು ಇದೆಯೆಂದು ತೋರಿಸಿಕೊಳ್ಳಲೂ ಇಲ್ಲ. ಉಳಿದ ಉಸಿರೆಷ್ಟು, ಅದರಲ್ಲಿ ಸಾಧಿಸಬಹುದಾದುದೇನು ಎಂಬುದನ್ನು ಅಳೆದು ನೋಡಿ ತಮ್ಮ ಗಾಯನವನ್ನು ಹೊಸದಾಗಿ ಕಟ್ಟಿದರು. ಚಿಕ್ಕ ಚಿಕ್ಕ ಸ್ವರಗುಚ್ಛಗಳು, ತಟ್ಟನೆ ಮೇಲೇರುವ ದನಿ, ನಡುವೆ ಅರ್ಥಪೂರ್ಣವಾದ ನಿಲುಗಡೆ, ಮಾತಿನ ಭಾವಕ್ಕೆ ತಕ್ಕ ಉಚ್ಚಾರ, ಇವು ಅವರ ಗಾನದ ಲಕ್ಷಣಗಳಾದವು. ಕೊರತೆಯೇ ಶೈಲಿಯಾಯಿತು.

1953ರ ಸುಮಾರಿಗೆ ಅವರು ಮತ್ತೆ ವೇದಿಕೆಯೇರಿದಾಗ ರಸಿಕರು ಕೇಳಿದ್ದು ಹಿಂದೆಂದೂ ಕೇಳದ ಗಾಯನವನ್ನು. ಕೆಲವರು ಮೆಚ್ಚಿ ತಲೆದೂಗಿದರು. ಪರಂಪರೆಯನ್ನು ಮೀರಿದರೆಂದು ಕೆಲವರು ಆಕ್ಷೇಪಿಸಿದರು. ಕುಮಾರರು ಹೊಗಳಿಕೆಗೆ ಉಬ್ಬಲಿಲ್ಲ, ತೆಗಳಿಕೆಗೆ ಕುಗ್ಗಲಿಲ್ಲ. ಲೋಕಧಾಟಿಗಳಿಂದ ಮಾಲವತಿ, ಸಂಜಾರಿ ಮುಂತಾದ ಹೊಸ ರಾಗಗಳನ್ನು ರೂಪಿಸಿದರು. ಮಹಾತ್ಮಾ ಗಾಂಧೀಜಿಯವರ ನೆನಪಿಗಾಗಿ ಗಾಂಧೀ ಮಲ್ಹಾರವನ್ನು ರಚಿಸಿದರು. ತಮ್ಮ ರಚನೆಗಳನ್ನು 1965ರಲ್ಲಿ ಅನೂಪ ರಾಗವಿಲಾಸ ಎಂಬ ಗ್ರಂಥವಾಗಿ ಪ್ರಕಟಿಸಿದರು. ಕಬೀರರ ನಿರ್ಗುಣ ಪದಗಳನ್ನು ದೇಶದ ವೇದಿಕೆಗಳಲ್ಲಿ ಮೊಳಗಿಸಿದರು. ಮಳೆಗಾಲದ ಗೀತೆಗಳು, ಮರಾಠಿ ಕವಿ ತಾಂಬೆಯವರ ಗೀತೆಗಳು, ಬಾಲಗಂಧರ್ವರ ರಂಗಗೀತೆಗಳು, ಹೀಗೆ ಒಂದೊಂದು ವಸ್ತುವನ್ನು ಕುರಿತು ಒಂದೊಂದು ಕಾರ್ಯಕ್ರಮವನ್ನು ಸಿದ್ಧಗೊಳಿಸಿದರು. ಒಮ್ಮೆ ಗೆದ್ದುದನ್ನೇ ಪುನಃ ಪುನಃ ಹಾಡಿ ತೃಪ್ತಿಪಡುವುದು ಅವರ ಜಾಯಮಾನವಾಗಿರಲಿಲ್ಲ.

1961ರಲ್ಲಿ ಭಾನುಮತಿಯವರು ತೀರಿಕೊಂಡರು. ಮುಂದೆ ಸಂಗೀತದಲ್ಲಿಯೂ ಸಂಸಾರದಲ್ಲಿಯೂ ವಸುಂಧರಾ ಅವರು ಸಹಚರಿಯಾದರು. ಭಾರತ ಸರಕಾರ 1977ರಲ್ಲಿ ಪದ್ಮಭೂಷಣ, 1990ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗಳನ್ನಿತ್ತು ಕುಮಾರರನ್ನು ಗೌರವಿಸಿತು. 1992ನೆಯ ಇಸವಿ ಜನವರಿ 12ರಂದು ದೇವಾಸದಲ್ಲಿ ಅವರು ಕೊನೆಯುಸಿರೆಳೆದರು.

ಬಾಳಿನಲ್ಲಿ ಎರಡು ಬಾರಿ ಕುಮಾರ ಗಂಧರ್ವರು ತಮ್ಮ ವಿದ್ಯೆಯನ್ನು ತಾವೇ ಒರೆಗೆ ಹಚ್ಚಿದರು: ಒಮ್ಮೆ ಕೀರ್ತಿ ಬಂದಾಗ, ಇನ್ನೊಮ್ಮೆ ಶಕ್ತಿ ಹೋದಾಗ. ಚಪ್ಪಾಳೆ ಅವರ ಅಳತೆಗೋಲಾಗಲಿಲ್ಲ. ರೋಗ ಅವರಿಗೆ ನೆಪವಾಗಲಿಲ್ಲ. ಮಗ್ಗದ ಮುಂದೆ ಕುಳಿತ ನೇಕಾರನಾಗಲಿ, ಹೊಲದಲ್ಲಿ ನಿಂತ ರೈತನಾಗಲಿ, ಪುಸ್ತಕ ಹಿಡಿದ ವಿದ್ಯಾರ್ಥಿಯಾಗಲಿ, ಮಾಡುವ ಕೆಲಸವನ್ನು ತಾನೇ ಪ್ರಾಮಾಣಿಕವಾಗಿ ತೂಗಿ ನೋಡಬಲ್ಲವನು ನಿನ್ನೆಗಿಂತ ಇಂದು ಒಂದು ಮೆಟ್ಟಿಲು ಮೇಲೇರುತ್ತಾನೆ. ಸುಳೇಭಾವಿಯ ಶಿವಪುತ್ರ ಏರಿದ್ದು ಇಂಥ ಮೆಟ್ಟಿಲುಗಳನ್ನೇ.