ಕಾಳ್ಗಿಚ್ಚನ್ನು ಅಳೆದ ಹ್ಯಾರಿ ಗಿಸ್ಬೋರ್ನ್

ಬೇಸಗೆಯಲ್ಲಿ ನಮ್ಮ ಕೊಲ್ಲಮೊಗ್ರಿನ ಮೇಲಣ ಘಟ್ಟದ ಹುಲ್ಲುಗುಡ್ಡಕ್ಕೆ ಕಿಚ್ಚು ಬಿದ್ದರೆ, ಅದು ಇಳಿಯುವುದಕ್ಕಿಂತ ಬೇಗ ಏರುತ್ತದೆ. ಉರಿಯ ಶಾಖವು ಮೇಲಿನ ಹುಲ್ಲನ್ನು ಮೊದಲೇ ಒಣಗಿಸುವುದೇ ಇದಕ್ಕೆ ಕಾರಣ. ಕಾಳ್ಗಿಚ್ಚಿನ ಇಂತಹ ನಡೆಯ ಅಭ್ಯಾಸಕ್ಕೆ ಬಾಳನ್ನೇ ಮುಡಿಪಾಗಿಟ್ಟ ವಿಜ್ಞಾನಿ ಅಮೆರಿಕದ ಹ್ಯಾರಿ ಗಿಸ್ಬೋರ್ನ್.

1893ರಲ್ಲಿ ಜನಿಸಿದ ಇವರು ಅರಣ್ಯಶಾಸ್ತ್ರವನ್ನು ಓದಿ, 1922ರಲ್ಲಿ ಐಡಾಹೋ ಸಂಸ್ಥಾನದ ಪ್ರೀಸ್ಟ್ ರಿವರ್ ಪ್ರಯೋಗಕೇಂದ್ರವನ್ನು ಸೇರಿದರು. ಮರದ ಸಣ್ಣ ಕೋಲುಗಳನ್ನು ಕಾಡಿನಲ್ಲಿಟ್ಟು, ತೂಗಿ ನೋಡಿ, ಕಾಡು ಎಷ್ಟು ಒಣಗಿದೆಯೆಂದು ತಿಳಿದರು. ಅದರೊಡನೆ ಗಾಳಿಯ ವೇಗ, ಆರ್ದ್ರತೆಗಳನ್ನು ಕೂಡಿಸಿ, ಆಯಾ ದಿನದ ಅಪಾಯವನ್ನು ತೋರುವ ಮಾಪಕವೊಂದನ್ನು 1930ರ ದಶಕದಲ್ಲಿ ರಚಿಸಿದರು.

1949ರ ಆಗಸ್ಟ್ 5ರಂದು ಮೊಂಟಾನಾದ ಮ್ಯಾನ್ ಗಲ್ಚ್ ಕಣಿವೆಯಲ್ಲಿ, ಇಳಿಜಾರನ್ನೇರಿ ಬಂದ ಬೆಂಕಿಗೆ 13 ಮಂದಿ ಬಲಿಯಾದರು. ಅದರ ಕಾರಣವನ್ನು ಅರಿಯಲು ಗಿಸ್ಬೋರ್ನರು ನವೆಂಬರ್ 9ರಂದು ಸ್ಥಳವನ್ನು ಬಲ್ಲ ರೇಂಜರರೊಬ್ಬರೊಡನೆ ಅಲ್ಲಿಗೆ ಹೋದರು. ಹೃದ್ರೋಗವಿದ್ದುದರಿಂದ ಅಲ್ಲಲ್ಲಿ ಕುಳಿತು ದಣಿವಾರಿಸಿಕೊಳ್ಳುತ್ತಿದ್ದರು. ತಮ್ಮ ಊಹೆ ಸರಿಯಲ್ಲವೆಂದು ಅಲ್ಲಿ ಕಂಡುಬಂದಾಗ ಅವರು ಬೇಸರಪಡಲಿಲ್ಲ. ಸತ್ಯ ತಿಳಿಯಿತೆಂದು ಸಂತೋಷಪಟ್ಟರು. ಮರಳುವ ದಾರಿಯಲ್ಲಿ ಹೃದಯಾಘಾತದಿಂದ ತೀರಿಕೊಂಡರು.

ಇಂದು ಕಾಳ್ಗಿಚ್ಚಿನ ಸಂಶೋಧನೆಗೆ ಹೊರಡುವ ತಂಡವು ಮೊದಲು ಹವಾಮಾನವನ್ನು ನೋಡುತ್ತದೆ. ಬೆಂಕಿಯ ಮೇಲೆ ಕಣ್ಣಿಡಲು ಒಬ್ಬರನ್ನು ನಿಲ್ಲಿಸುತ್ತದೆ. ಪಾರಾಗುವ ದಾರಿಯನ್ನೂ ಸುರಕ್ಷಿತ ಜಾಗವನ್ನೂ ಗೊತ್ತುಮಾಡಿಕೊಳ್ಳುತ್ತದೆ. ಸಂಗಡಿಗರ ದೇಹಬಲವನ್ನು ಅರಿತುಕೊಳ್ಳುವುದೂ ಅಷ್ಟೇ ಅವಶ್ಯ. ಗಿಸ್ಬೋರ್ನರ ಬಾಳು ಮೊದಲಿನವುಗಳನ್ನೂ, ಅವರ ಮರಣ ಈ ಕೊನೆಯದನ್ನೂ ನಮಗೆ ಕಲಿಸುತ್ತವೆ.