ಗಾಯಾಳುವಿನ ಬಳಿಗೆ ಬಂದ ಕಿರಣ

ಅಡಿಕೆಮರದಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡವನನ್ನು ಅಜ್ಜಂಪುರದ ಕಡೆಯ ಹಳ್ಳಿಯಿಂದ ತರೀಕೆರೆಗೋ ಕಡೂರಿಗೋ ಸಾಗಿಸುವಾಗ ಹಾದಿಯ ಒಂದೊಂದು ಕುಲುಕಾಟವೂ ಅವನಿಗೆ ಪ್ರಾಣಸಂಕಟವೇ ಸರಿ. ಏಳಲಾರದ ರೋಗಿಯ ಮಂಚದ ಬಳಿಗೇ ಕ್ಷ-ಕಿರಣ ಯಂತ್ರವನ್ನು ತರುವುದು ಇಂದು ದೊಡ್ಡ ಆಸ್ಪತ್ರೆಗಳಲ್ಲಿ ಸಾಮಾನ್ಯ ದೃಶ್ಯ. ರೋಗಿ ಯಂತ್ರದೆಡೆಗೆ ಹೋಗಲಾರದಿದ್ದರೆ ಯಂತ್ರವೇ ರೋಗಿಯೆಡೆಗೆ ಬರಬೇಕೆಂಬುದನ್ನು ಯುದ್ಧಭೂಮಿಯಲ್ಲಿ ಸಾಧಿಸಿ ತೋರಿಸಿದವರಲ್ಲಿ ಮೇರಿ ಕ್ಯೂರಿ ಅಗ್ರಗಣ್ಯಳು.

ಮೇರಿ 1867ರ ನವೆಂಬರ್ 7ರಂದು ಪೋಲೆಂಡಿನ ವಾರ್ಸಾ ನಗರದಲ್ಲಿ ಶಿಕ್ಷಕ ದಂಪತಿಗಳ ಮಗಳಾಗಿ ಜನಿಸಿದಳು. 1891ರಲ್ಲಿ ವ್ಯಾಸಂಗಕ್ಕಾಗಿ ಪ್ಯಾರಿಸ್ಸಿಗೆ ಬಂದಳು. 1895ರಲ್ಲಿ ವಿಜ್ಞಾನಿ ಪಿಯರ್ ಕ್ಯೂರಿಯನ್ನು ವಿವಾಹವಾದಳು. ಜರ್ಮನಿಯ ರಾಂಟ್‌ಜೆನ್ ಕ್ಷ-ಕಿರಣಗಳನ್ನು ಕಂಡುಹಿಡಿದುದೂ ಅದೇ ವರ್ಷ. 1898ರಲ್ಲಿ ಕ್ಯೂರಿ ದಂಪತಿಗಳು ಪೊಲೋನಿಯಂ, ರೇಡಿಯಂ ಎಂಬ ಧಾತುಗಳನ್ನು ಬೆಳಕಿಗೆ ತಂದರು. 1906ರಲ್ಲಿ ಪಿಯರ್ ರಸ್ತೆ ಅಪಘಾತದಲ್ಲಿ ಮಡಿದನು. ಮೇರಿ ಧೃತಿಗೆಡಲಿಲ್ಲ. 1903ರಲ್ಲಿ ಭೌತವಿಜ್ಞಾನದ ನೊಬೆಲ್ ಬಹುಮಾನದಲ್ಲಿ ಪಾಲು ಪಡೆದಿದ್ದ ಆಕೆಗೆ 1911ರಲ್ಲಿ ರಸಾಯನವಿಜ್ಞಾನದ ಬಹುಮಾನವೂ ದೊರೆಯಿತು.

1914ರಲ್ಲಿ ಮೊದಲನೆಯ ಮಹಾಯುದ್ಧ ಸಿಡಿಯಿತು. ಕ್ಷ-ಕಿರಣ ಯಂತ್ರಗಳಿದ್ದುದು ಬಹುಮಟ್ಟಿಗೆ ನಗರಗಳ ಆಸ್ಪತ್ರೆಗಳಲ್ಲಿ. ಗಾಯಗೊಂಡವರಿದ್ದುದು ದೂರದ ರಣರಂಗದಲ್ಲಿ. ಮೈಯೊಳಗೆ ಹೊಕ್ಕ ಗುಂಡನ್ನು ವೈದ್ಯರು ಅಂದಾಜಿನಿಂದ ಹುಡುಕಬೇಕಾಗಿತ್ತು. ದೂರದ ಪ್ರಯಾಣವನ್ನು ತಾಳುವ ಶಕ್ತಿ ಎಷ್ಟೋ ಗಾಯಾಳುಗಳಿಗೆ ಇರಲಿಲ್ಲ.

ಮೇರಿ ದಾನಿಗಳಿಂದ ಮೋಟಾರು ಗಾಡಿಗಳನ್ನು ಬೇಡಿ ಪಡೆದಳು. ಅವುಗಳಲ್ಲಿ ಕ್ಷ-ಕಿರಣದ ಕೊಳವೆ, ಮಡಿಸಬಹುದಾದ ಮೇಜು, ಛಾಯಾಚಿತ್ರದ ಫಲಕಗಳು, ಕತ್ತಲೆಗಾಗಿ ದಪ್ಪ ಪರದೆಗಳನ್ನು ಅಳವಡಿಸಿದಳು. ಗಾಡಿಯ ಎಂಜಿನ್ನೇ ಡೈನಮೊ ತಿರುಗಿಸಿ ವಿದ್ಯುತ್ತನ್ನು ಒದಗಿಸುತ್ತಿತ್ತು. ಗಾಯಾಳು ಅಲುಗಾಡದೆ ಮಲಗಿರುವಂತೆಯೇ ಕೊಳವೆಯನ್ನು ಎರಡು ಕಡೆ ನಿಲ್ಲಿಸಿ ಎರಡು ನೆರಳುಗಳನ್ನು ಪಡೆಯಬಹುದಾಗಿತ್ತು. ಅವುಗಳ ಅಂತರದಿಂದ ಗುಂಡು ಎಷ್ಟು ಆಳದಲ್ಲಿದೆಯೆಂದು ಲೆಕ್ಕಹಾಕಿ ತಿಳಿಯುತ್ತಿದ್ದರು. ನೋಯುವ ದೇಹವನ್ನು ಹೊರಳಿಸುವ ಬದಲು ಯಂತ್ರವನ್ನು ಸರಿಸುವುದೇ ಈ ವಿಧಾನದ ತಿರುಳು.

ಹದಿನೇಳು ವರ್ಷದ ಮಗಳು ಐರೀನ್ ತಾಯಿಗೆ ನೆರವಾದಳು. ಮೇರಿ 1916ರಲ್ಲಿ ವಾಹನ ಚಾಲನೆಯ ಪರವಾನಗಿಯನ್ನೂ ಪಡೆದಳು. ಸುಮಾರು 150 ಮಹಿಳೆಯರಿಗೆ ಈ ಕೆಲಸದಲ್ಲಿ ತರಬೇತು ನೀಡಿದಳು. ‘ಪುಟ್ಟ ಕ್ಯೂರಿ’ಗಳೆಂದು ಹೆಸರಾದ ಸುಮಾರು 20 ಗಾಡಿಗಳೂ ಆಸ್ಪತ್ರೆಗಳಲ್ಲಿ ಸ್ಥಾಪಿಸಿದ 200 ಕ್ಷ-ಕಿರಣ ಕೊಠಡಿಗಳೂ ಸೇರಿ ಹತ್ತು ಲಕ್ಷಕ್ಕೂ ಹೆಚ್ಚು ಗಾಯಾಳುಗಳ ಪರೀಕ್ಷೆಗೆ ನೆರವಾದುವೆಂದು ಅಂದಾಜು.

ಈ ಸೇವೆಗೆ ಆಕೆ ತೆತ್ತ ಬೆಲೆ ಅಲ್ಪವಲ್ಲ. ವಿಕಿರಣದಿಂದ ರಕ್ಷಿಸಿಕೊಳ್ಳುವ ಸಾಧನಗಳು ಅಂದು ತೀರ ಕಡಮೆ. ರಕ್ತ ಹುಟ್ಟುವ ಮಜ್ಜೆಯೇ ಸೊರಗಿಹೋಗುವ ರೋಗದಿಂದ ಮೇರಿ 1934ರ ಜುಲೈ 4ರಂದು ನಿಧನಹೊಂದಿದಳು. ದೀರ್ಘಕಾಲ ವಿಕಿರಣಕ್ಕೆ ಮೈಯೊಡ್ಡಿದುದೇ ಅದಕ್ಕೆ ಕಾರಣವೆಂದು ಭಾವಿಸಲಾಗಿದೆ.

ಪ್ರಯೋಗಶಾಲೆಯಲ್ಲಿ ಹುಟ್ಟಿದ ಜ್ಞಾನವು ನರಳುವವನ ಹಾಸಿಗೆಯವರೆಗೂ ನಡೆದುಬಂದಾಗಲೇ ಸಾರ್ಥಕ. ಆ ಹಾದಿಯನ್ನು ತಾನೇ ಸವೆಸಿದ ಮೇರಿ ಕ್ಯೂರಿಯ ಬಾಳು ಚಿರಸ್ಮರಣೀಯವಾದುದು.