ಹಕ್ಕಿಗಳ ನೆಲೆ ಕಾಯ್ದ ಸಲೀಂ ಅಲಿ

ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರು 1896ರ ನವೆಂಬರ್ 12ರಂದು ಮುಂಬಯಿಯಲ್ಲಿ ಜನಿಸಿದರು. ಎಳೆಯ ವಯಸ್ಸಿನಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡ ಅವರನ್ನು ಸೋದರಮಾವ ಅಮೀರುದ್ದೀನ್ ತ್ಯಾಬ್ಜಿಯವರು ಸಾಕಿ ಸಲಹಿದರು. ಮಾವನಿಗೆ ಬೇಟೆಯ ಹವ್ಯಾಸ. ಹುಡುಗನ ಕೈಯಲ್ಲಿಯೂ ಒಂದು ಗಾಳಿಕೋವಿ. ಒಮ್ಮೆ ತಾನು ಹೊಡೆದು ಬೀಳಿಸಿದ ಗುಬ್ಬಿಯ ಕೊರಳಿನಲ್ಲಿ ಹಳದಿ ಮಚ್ಚೆಯಿದ್ದುದನ್ನು ಕಂಡು ಅವನಿಗೆ ಸೋಜಿಗವಾಯಿತು. ಸತ್ತ ಗುಬ್ಬಿಯೊಡನೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದ ಬಾಲಕನಿಗೆ ಅಲ್ಲಿನ ಕಾರ್ಯದರ್ಶಿಗಳು ಅದರ ಜಾತಿಯನ್ನು ತಿಳಿಸಿ, ಪೆಟ್ಟಿಗೆಗಳಲ್ಲಿ ಜೋಡಿಸಿಟ್ಟಿದ್ದ ನೂರಾರು ಹಕ್ಕಿಗಳನ್ನು ತೋರಿಸಿದರು.

ಮುಂದಿನ ದಾರಿ ಸುಗಮವಾಗಿರಲಿಲ್ಲ. ಬರ್ಮಾದಲ್ಲಿ ಮನೆತನದ ವ್ಯಾಪಾರ ಕೈಹತ್ತಲಿಲ್ಲ. ಮುಂಬಯಿಯ ವಸ್ತುಸಂಗ್ರಹಾಲಯದಲ್ಲಿ ಉದ್ಯೋಗ ದೊರೆಯಿತಾದರೂ, ಜರ್ಮನಿಯಲ್ಲಿ ಪಕ್ಷಿಶಾಸ್ತ್ರವನ್ನು ಅಭ್ಯಾಸ ಮಾಡಿ 1930ರಲ್ಲಿ ಹಿಂದಿರುಗುವ ವೇಳೆಗೆ ಹಣದ ಅಭಾವದಿಂದ ಆ ಹುದ್ದೆಯೇ ರದ್ದಾಗಿತ್ತು. ಕಿಹೀಮ್ ಎಂಬ ಕಡಲತೀರದ ಹಳ್ಳಿಯಲ್ಲಿ ನೆಲೆಸಿದ ಅವರು ಗೀಜಗನ ಗೂಡುಗಳನ್ನು ತಿಂಗಳುಗಟ್ಟಲೆ ನಿರೀಕ್ಷಿಸಿದರು. ಗಂಡು ಅರ್ಧ ಕಟ್ಟಿದ ಗೂಡನ್ನು ಹೆಣ್ಣು ಪರೀಕ್ಷಿಸಿ ಒಪ್ಪಿದರೆ ಮಾತ್ರ ಅದು ಪೂರ್ಣಗೊಳ್ಳುತ್ತದೆ. ಬಳಿಕ ಗಂಡು ಮತ್ತೊಂದು ಗೂಡಿಗೆ ತೊಡಗಿ ಮತ್ತೊಂದು ಹೆಣ್ಣನ್ನು ಕರೆಯುತ್ತದೆ. ಸತ್ತ ಹಕ್ಕಿಯನ್ನು ಅಳೆಯುವುದರಿಂದ ಇದು ತಿಳಿಯುವಂತಹುದಲ್ಲ. ಶಾಸ್ತ್ರಕ್ಕಾಗಿ ಅವರು ಹಕ್ಕಿಗಳನ್ನು ಕೋವಿಯಿಂದ ಸಂಗ್ರಹಿಸಿದ್ದೂ ಉಂಟು. ಆದರೆ ಅವರ ಮನಸ್ಸು ನೆಟ್ಟಿದ್ದು ಬದುಕಿರುವ ಹಕ್ಕಿಯಲ್ಲಿ.

ಅನಂತರ ಅವರು ದೇಶೀಯ ಸಂಸ್ಥಾನಗಳ ಪಕ್ಷಿ ಸಮೀಕ್ಷೆಯನ್ನು ಕೈಗೊಂಡರು. ಕಾಡಿನ ಬಿಡಾರಗಳಲ್ಲಿ ಜೊತೆಗಿದ್ದ ಪತ್ನಿ ತೆಹ್ಮಿನಾ 1939ರಲ್ಲಿ ಶಸ್ತ್ರಚಿಕಿತ್ಸೆಯ ಬಳಿಕ ಅಕಾಲದಲ್ಲಿ ತೀರಿಕೊಂಡರು. ಆ ದುಃಖವಿನ್ನೂ ಹಸಿಯಾಗಿರುವಾಗಲೇ, 1939-40ರಲ್ಲಿ, ಅವರು ಮೈಸೂರು ಸಂಸ್ಥಾನದ ಸಮೀಕ್ಷೆ ನಡೆಸಿದರು. ಶ್ರೀರಂಗಪಟ್ಟಣದ ಬಳಿ, ಕಾವೇರಿಗೆ ಹಿಂದೆ ಅರಸರು ಕಟ್ಟಿಸಿದ ಒಡ್ಡಿನಿಂದ ಉಂಟಾದ ನಡುಗಡ್ಡೆಗಳು ಅವರ ಗಮನವನ್ನು ಸೆಳೆದವು.

ಅದೇ ರಂಗನತಿಟ್ಟು. ಅಲ್ಲಿ ಚಮಚದಂತಹ ಕೊಕ್ಕನ್ನು ನೀರಿನಲ್ಲಿ ಅತ್ತಿತ್ತ ಆಡಿಸುತ್ತ ಆಹಾರ ಹುಡುಕುವ ಹಕ್ಕಿಯುಂಟು. ಕೊಕ್ಕಿನ ನಡುವೆ ಸಂದಿಯಿರುವ ಕೊಕ್ಕರೆ ಬಸವನಹುಳುಗಳನ್ನು ಹಿಡಿದು ತಿನ್ನುತ್ತದೆ. ರೆಕ್ಕೆಯಲ್ಲಿ ಗುಲಾಬಿ ಬಣ್ಣ ಬಳಿದಂತಿರುವ ಬಣ್ಣದ ಕೊಕ್ಕರೆ, ನೀರುಕಾಗೆ, ಹಾವಕ್ಕಿ, ಬೆಳ್ಳಕ್ಕಿಗಳು, ನೀರಂಚಿನ ಕೊಂಬೆಯಿಂದ ಬಾಣದಂತೆ ಎರಗುವ ಮಿಂಚುಳ್ಳಿ, ಮರಗಳಲ್ಲಿ ತಲೆಕೆಳಗಾಗಿ ತೂಗುವ ಬಾವಲಿಗಳು, ಬಂಡೆಯ ಮೇಲೆ ಬಿಸಿಲು ಕಾಯುವ ಮೊಸಳೆ, ಮೀನು ಹಿಡಿಯುವ ನೀರುನಾಯಿ ಎಲ್ಲವೂ ಅಲ್ಲಿವೆ. ಸುತ್ತಲೂ ನೀರಿರುವುದರಿಂದ ನೆಲದ ಮೇಲಿನ ಶತ್ರುಗಳು ಗೂಡುಗಳನ್ನು ಸುಲಭವಾಗಿ ಸೇರಲಾರವು. ಇದನ್ನು ಮನಗಂಡ ಸಲೀಂ ಅಲಿಯವರು ಮೈಸೂರಿನ ಅರಸರಿಗೆ ಆ ಸ್ಥಳವನ್ನು ರಕ್ಷಿಸುವಂತೆ ಸಲಹೆಯಿತ್ತರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು.

ರಾಜಸ್ಥಾನದ ಭರತಪುರದ ಕಥೆ ಇಷ್ಟು ಸರಳವಲ್ಲ. ಅಲ್ಲಿನ ಜೌಗು ಪ್ರದೇಶವು ಅರಸರ ಬಾತುಬೇಟೆಯ ತಾಣವಾಗಿತ್ತು. 1938ರ ನವೆಂಬರ್ 12ರಂದು, ಸಲೀಂ ಅಲಿಯವರಿಗೆ ನಲವತ್ತೆರಡು ತುಂಬಿದ ದಿನವೇ, ವೈಸರಾಯ್ ಲಿನ್ಲಿತ್‌ಗೊ ಅವರ ಬೇಟೆಕೂಟದಲ್ಲಿ 4,273 ಹಕ್ಕಿಗಳು ಹತವಾದವು. ಸ್ವಾತಂತ್ರ್ಯಾನಂತರ ಆ ನೀರನ್ನು ಬೇಸಾಯಕ್ಕೆ ಹರಿಸಿ ಜೌಗನ್ನು ಬತ್ತಿಸಬೇಕೆಂಬ ಒತ್ತಾಯ ಬಂದಿತು. ಅನ್ನಕ್ಕೆ ಕೊರತೆಯಿದ್ದ ಕಾಲದಲ್ಲಿ ಅದು ಅನ್ಯಾಯದ ಬೇಡಿಕೆಯೇನೂ ಆಗಿರಲಿಲ್ಲ. ಆದರೂ ಬತ್ತಿದ ಜೌಗನ್ನು ಮತ್ತೆ ತರಲಾಗದೆಂದು ಬಲ್ಲ ಸಲೀಂ ಅಲಿಯವರು ಪ್ರಧಾನಿ ನೆಹರೂ ಅವರಲ್ಲಿ ಮೊರೆಯಿಟ್ಟು ಅದನ್ನು ಉಳಿಸಿಕೊಂಡರು. ಮುಂದೆ ಅದು ರಾಷ್ಟ್ರೀಯ ಉದ್ಯಾನವೂ 1985ರಲ್ಲಿ ವಿಶ್ವ ಪರಂಪರೆಯ ತಾಣವೂ ಆಯಿತು.

ಅಲ್ಲಿ ಎಮ್ಮೆಗಳು ಮೇಯುವುದರಿಂದ ಹಕ್ಕಿಗಳಿಗೆ ಕೇಡೆಂದು ಸಲೀಂ ಅಲಿಯವರು ಭಾವಿಸಿದ್ದರು. 1982ರಲ್ಲಿ ಮೇವು ನಿಷಿದ್ಧವಾಯಿತು. ಪ್ರತಿಭಟಿಸಿದ ಹಳ್ಳಿಗರಲ್ಲಿ ಕೆಲವರು ಪೊಲೀಸರ ಗುಂಡಿಗೆ ಬಲಿಯಾದರು. ಆದರೆ ಅವರ ಸೊಸೈಟಿಯ ವಿಜ್ಞಾನಿಗಳೇ ಅಲ್ಲಿ ವರ್ಷಗಟ್ಟಲೆ ನಡೆಸಿದ ಅಧ್ಯಯನದಲ್ಲಿ ಬೇರೆಯೇ ಸಂಗತಿ ಕಂಡುಬಂದಿತು: ಎಮ್ಮೆಗಳಿಲ್ಲದೆ ಹುಲ್ಲು ದಟ್ಟವಾಗಿ ಬೆಳೆದು ನೀರನ್ನು ಮುಚ್ಚಿ, ಬಾತುಗಳಿಗೆ ತೊಡಕಾಗಿತ್ತು. ಆ ಅಧ್ಯಯನದ ಅಂತಿಮ ವರದಿ ಹೊರಬರುವ ಮೊದಲೇ, 1987ರಲ್ಲಿ, ಸಲೀಂ ಅಲಿಯವರು ಮುಂಬಯಿಯಲ್ಲಿ ನಿಧನರಾದರು.